ಫೋರ್ತ್ ಬ್ಲಾಕ್‌ಗೆ ಒಂದು ರೌಂಡು

‘ಫೋರ್ತ್ ಬ್ಲಾಕ್‌ಗೆ ಹೋಗ್ಬರ್ತೀನಿ’ ಎಂದು ಚಪ್ಪಲಿ ಮೆಟ್ಟಿದವರನ್ನು ಜಯನಗರದ ಮನೆಗಳಲ್ಲಿ ಯಾರೂ ‘ಯಾಕೆ’ ಎಂದು ಕೇಳುವುದಿಲ್ಲ. ಬರುವಾಗ ಏನು ತರಬೇಕೆಂದು ಒಳಗಿನಿಂದಲೇ ಕೂಗಿ ಹೇಳುತ್ತಾರೆ, ಅಷ್ಟೆ. ಜರತಾರಿ ಸೀರೆಯಿಂದ ಜೀರಿಗೆಯವರೆಗೆ ಅಲ್ಲಿ ಸಿಗದ್ದು ಬೆಂಗಳೂರಿನಲ್ಲೇ ಇಲ್ಲ ಎಂಬುದು ಇಲ್ಲಿನವರ ಜಂಬ.

ರಾಜಾಜಿ 1948ರಲ್ಲಿ ಅಡಿಗಲ್ಲು ಹಾಕಿದ ಬಡಾವಣೆ ಇದು. ಅದರ ಗುರುತಿಗೆ ಅಶೋಕ ಸ್ತಂಭವಿದೆ. ಇಲ್ಲಿನ ಸರ್ಕಲ್ಲಿಗೆ ‘ಸೌತ್ ಎಂಡ್’ ಎಂದು ಹೆಸರಿಟ್ಟವರು, ಪಾಪ, ಊರು ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದರು. ನಕ್ಷೆ ಹಾಕಿ ಕಟ್ಟಿದ ಜಾಗವಾದ್ದರಿಂದ ಲೆಕ್ಕ ಸುಲಭ: ಮೇನ್‌ಗಳು ಉತ್ತರ-ದಕ್ಷಿಣ, ಕ್ರಾಸ್‌ಗಳು ಪೂರ್ವ-ಪಶ್ಚಿಮ. ಕ್ರಾಸಿನ ಸಂಖ್ಯೆ ಏರುತ್ತಿದೆಯೆಂದರೆ ನೀವು ದಕ್ಷಿಣಕ್ಕೆ ನಡೆಯುತ್ತಿದ್ದೀರಿ. ಆದರೂ ಜನ ದಾರಿ ತಪ್ಪುತ್ತಾರೆ. ಕೈಯಲ್ಲಿ 4ನೇ ಟಿ ಬ್ಲಾಕ್‌ನ ವಿಳಾಸ ಹಿಡಿದು ಆಟೊದವನಿಗೆ ‘ಫೋರ್ತ್ ಬ್ಲಾಕ್’ ಎಂದಿರುತ್ತಾರೆ. ಆ ಒಂದು ‘ಟಿ’ಗೆ ಮೀಟರು ಮತ್ತೆ ಓಡುತ್ತದೆ. ಫೋರ್ತ್ ಬ್ಲಾಕ್‌ನ ಶಾಪಿಂಗ್ ಕಾಂಪ್ಲೆಕ್ಸ್‌ನಲ್ಲಿದ್ದ ಪುಟ್ಟಣ್ಣ ಕಣಗಾಲ್ ಚಿತ್ರಮಂದಿರವನ್ನು ಕೆಡವಿಯಾಗಿದೆ, ಆದರೆ ‘ಪುಟ್ಟಣ್ಣ ಥಿಯೇಟರ್ ಹತ್ರ ಬನ್ನಿ’ ಎಂದರೆ ಹಳಬರು ಸರಿಯಾಗಿ ಬಂದು ನಿಲ್ಲುತ್ತಾರೆ. ಕಾರು ತರುವ ಸಾಹಸ ಬೇಡ. ಮೆಟ್ರೊ 2017ರಿಂದ ಇದೆ.

ರೌಂಡಿಗೊಂದು ಕ್ರಮವಿದೆ, ಅದನ್ನು ತೀರ್ಮಾನಿಸುವುದು ಬೆಳಕು. ನಾಲ್ಕು ಗಂಟೆಗೆ ತಲುಪಿದರೆ ಮೊದಲು ಮ್ಯಾಚಿಂಗ್ ಸೆಂಟರ್, ಅಂದರೆ ಸೀರೆಗೊಪ್ಪುವ ಬ್ಲೌಸ್ ಬಟ್ಟೆಯ ಅಂಗಡಿ. ಸೀರೆಯನ್ನೇ ಒಯ್ಯಬೇಕು, ಮೊಬೈಲಿನ ಫೋಟೊ ನಂಬಿದರೆ ಎಲೆಹಸಿರಿನ ಬದಲು ಗಿಳಿಹಸಿರು ಮನೆಗೆ ಬರುತ್ತದೆ. ಅಂಗಡಿಯವನು ಥಾನು ಹರವಿದಾಗ ಸೀರೆಯನ್ನು ಅದರ ಮೇಲಿಟ್ಟು, ಎರಡನ್ನೂ ಬಾಗಿಲ ಹತ್ತಿರ ಹಿಡಿದು ನೋಡಿ. ಒಳಗಿನ ದೀಪದಲ್ಲಿ ಅವಳಿಜವಳಿಯಂತಿದ್ದ ಎರಡು ಕೆಂಪು ಬಿಸಿಲಿಗೆ ಬಂದೊಡನೆ ಒಂದು ಕುಂಕುಮ, ಇನ್ನೊಂದು ಇಟ್ಟಿಗೆ. ಗಿಡ್ಡ ತೋಳಿನ ಬ್ಲೌಸಿಗೆ 80 ಸೆಂಟಿಮೀಟರ್ ಸಾಕಾದೀತು, ಮೊಣಕೈ ಮುಟ್ಟುವ ತೋಳಿಗೆ ಒಂದು ಮೀಟರ್ ಬೇಕು. ಸೀರೆಯ ಅಂಚಿಗೆ ಒಳಗಿನಿಂದ ಹೊಲಿಯುವ ಪಟ್ಟಿ, ಹತ್ತಿಯ ಫಾಲ್, ಕೊಂಡರೆ ಅದನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೇ ಹೊಲಿಯಲು ಕೊಡಿ. ಸೋಮಾರಿತನ ಮಾಡಿದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ ಸೀರೆಯ ಅಂಚನ್ನು ಜಗ್ಗುತ್ತದೆ. ನೆರಿಗೆಯ ತುದಿ ಕರಿದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬೈಸಿಕೊಳ್ಳುವವನು ಮಾತ್ರ ಟೈಲರ್.

ಬೆಳಕು ಇಳಿಯುವ ಮುಂಚೆ ತರಕಾರಿ. ಡಿಸೆಂಬರ್-ಜನವರಿಯಲ್ಲಾದರೆ ಅವರೆಕಾಯಿ. ಕಾಯಿ ಹಿಚುಕಿದಾಗ ಬೆರಳಿಗೆ ಎಣ್ಣೆಯಂಥ ಜಿಡ್ಡು ಅಂಟಿ ಸೊಗಡು ಮೂಗಿಗೆ ಹೊಡೆಯಬೇಕು. ನೀರು ಚಿಮುಕಿಸಿ ಮಿರಿಮಿರಿ ಮಿಂಚುವ ಗುಡ್ಡೆಯ ಮುಂದೆ ನಿಲ್ಲಬೇಡಿ. ತೂಕವೂ ನೀರಿನದೇ, ನಾಳೆಗೆ ಬೂಷ್ಟೂ ಗ್ಯಾರಂಟಿ. ಸಿಪ್ಪೆ ಕಳೆದರೆ ಉಳಿಯುವ ಕಾಳು ಎಷ್ಟೆಂದು ಗೊತ್ತಿರುವವರು ಹಿತಕಬೇಳೆ ಸಾರಿಗೆ ಎರಡು ಕಿಲೋಗೆ ಕಡಿಮೆ ತೆಗೆದುಕೊಳ್ಳುವುದಿಲ್ಲ.

ಚೀಲ ಭಾರವಾದಾಗ 30ನೇ ಕ್ರಾಸ್‌ನ ಮಯ್ಯಾಸ್‌ನಲ್ಲೋ, ಯಾವುದಾದರೂ ದರ್ಶಿನಿಯಲ್ಲೋ ಬೈ-ಟು ಕಾಫಿ. ಇಬ್ಬರೂ ಒಂದೊಂದು ಕುಡಿಯಬಲ್ಲವರೇ, ಆದರೂ ಬೈ-ಟು.

ಹೂವು ಕೊನೆಗೆ. ರಾತ್ರಿ ಅರಳುವ ಬಿಗಿ ಮೊಗ್ಗಿನ ಮಲ್ಲಿಗೆಯನ್ನೇ ಕೇಳಿ. ಸಂಜೆಗಾಗಲೇ ಅರಳಿದ್ದು ಬೆಳಗ್ಗೆ ಕಂದಿರುತ್ತದೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿ, ಆದ್ದರಿಂದ ಹೂವಾಡಗಿತ್ತಿ ಎಷ್ಟು ಎತ್ತರವೋ ನಿಮ್ಮ ಮೊಳ ಅಷ್ಟು ಉದ್ದ. ಹಬ್ಬದ ಹಿಂದಿನ ದಿನ ಮೊಳ ಗಿಡ್ಡವಾಗುವುದಿಲ್ಲ, ಗಂಟುಗಳು ದೂರವಾಗುತ್ತವೆ. ದಾರ ಕಾಣುತ್ತಿದೆಯೇ ನೋಡಿ ದುಡ್ಡು ಕೊಡಿ. ಪ್ಲಾಸ್ಟಿಕ್ ಕವರು ಬೇಡ, ಒಳಗೇ ಬೆವೆತು ಮೊಗ್ಗು ಕೆಂಪಾಗುತ್ತದೆ. ಬಾಳೆಲೆಯ ಪೊಟ್ಟಣವನ್ನು ಅವರೆಕಾಯಿಯ ಮೇಲಿಟ್ಟು ಮೆಟ್ರೊ ಹತ್ತಿದರೆ, ಎರಡನೇ ನಿಲ್ದಾಣ ಬರುವುದರೊಳಗೆ ಪಕ್ಕದ ಸೀಟಿನವರು ಕೇಳುತ್ತಾರೆ: ‘ಮೊಳ ಎಷ್ಟು ಹೇಳಿದ್ರು?’