ಕಿಟಕಿ ಬೇಡ ಅಂದ್ರೆ ಗೋಡೆ ಎಕ್ಸ್‌ಟ್ರಾ

ಮನೆ ಕಟ್ಟಿ ನೋಡು ಅಂದ್ರು ಹಿರಿಯರು. ಅವ್ರು ಸರಿಯಾಗೇ ಹೇಳಿದಾರೆ, ನಾವೇ ಸರಿಯಾಗಿ ಕೇಳಿಸ್ಕೊಂಡಿಲ್ಲ. ಕಟ್ಟಿ ಮುಗಿಸು ಅಂದಿಲ್ಲ, ಕಟ್ಟಿ ವಾಸ ಮಾಡು ಅಂದಿಲ್ಲ, ನೋಡು ಅಂದಿದಾರೆ ಅಷ್ಟೆ. ನಾನೂ ಎರಡೂವರೆ ವರ್ಷದಿಂದ ಪ್ರತಿ ಭಾನುವಾರ ಹೋಗಿ ನೋಡ್ಕೊಂಡ್ ಬರ್ತಾ ಇದೀನಿ. ಅಗ್ರಿಮೆಂಟಲ್ಲಿ ಇದ್ದಿದ್ದು ಹನ್ನೊಂದು ತಿಂಗಳು.

ಆ ಅಗ್ರಿಮೆಂಟ್ ಇದ್ಯಲ್ಲ, ಅದು ನಿಜವಾಗ್ಲೂ ವ್ಯಾಕರಣದ ಪಾಠ. ನನ್ನ ಬಗ್ಗೆ ಬರೆಯುವಾಗ "ಮಾಲೀಕರು ಏಳು ದಿನದೊಳಗೆ ಹಣ ಪಾವತಿಸತಕ್ಕದ್ದು, ತಪ್ಪಿದಲ್ಲಿ ಬಡ್ಡಿ ತೆರತಕ್ಕದ್ದು" ಅಂತ ಎಲ್ಲಾ ತಕ್ಕದ್ದು ತಕ್ಕದ್ದು. ಬಿಲ್ಡರ್ ಸರದಿ ಬಂದ ತಕ್ಷಣ "ಕಾಮಗಾರಿಯನ್ನು ಸಾಧ್ಯವಾದಷ್ಟು ಬೇಗ ಪೂರ್ಣಗೊಳಿಸಲು ಪ್ರಯತ್ನಿಸಲಾಗುವುದು". ಯಾರು ಪ್ರಯತ್ನಿಸ್ತಾರೆ? ಕರ್ತೃನೇ ಇಲ್ಲ ಆ ವಾಕ್ಯದಲ್ಲಿ. ಸೈಟಲ್ಲೂ ಇಲ್ಲ.

ಈಗ ಎಕ್ಸ್‌ಟ್ರಾ ವಿಷಯಕ್ಕೆ ಬರೋಣ. ಪಾಯ ಅಗೀವಾಗ ಬಂಡೆ ಸಿಕ್ತು, ಎಕ್ಸ್‌ಟ್ರಾ. ಇನ್ನೊಂದ್ ಮೂಲೇಲಿ ಮಣ್ಣು ಮೆತ್ತಗಿತ್ತು, ಅದೂ ಎಕ್ಸ್‌ಟ್ರಾ. ಗಟ್ಟಿ ಇದ್ರೂ ತಪ್ಪು, ಮೆತ್ತಗಿದ್ರೂ ತಪ್ಪು, ಒಟ್ನಲ್ಲಿ ಮನೆ ಕಟ್ಟೋಕೆ ಕೆಳಗಡೆ ನೆಲ ಅಂತ ಒಂದು ಇರತ್ತೆ ಅನ್ನೋದೇ ಅವ್ರಿಗೆ ಅನಿರೀಕ್ಷಿತ. ಮೊದ್ಲೇ ಸಾಯಿಲ್ ಟೆಸ್ಟ್ ಮಾಡ್ಸಿದ್ರೆ ಗೊತ್ತಾಗ್ತಿತ್ತಲ್ವಾ ಅಂದೆ, "ನಿಮಗೆ ದುಡ್ಡು ಉಳೀಲಿ ಅಂತ ಅದನ್ನ ತೆಗೆದ್ವಿ ಸರ್" ಅಂದ್ರು. ಮಾತಲ್ಲಿ ಎಂಥ ಕಾಳಜಿ ಅಂತೀರಾ, ಕೇಳಿ ಕಣ್ಣಲ್ಲಿ ನೀರ್ ಬಂತು.

ಖರ್ಚು ಕಮ್ಮಿ ಮಾಡೋಣ ಅಂತ ನಾನೇ ಒಂದ್ಸಲ ಬುದ್ಧಿವಂತಿಕೆ ತೋರಿಸ್ದೆ. ಹಿಂದಿನ ರೂಮಿಗೆ ಎರಡು ಕಿಟಕಿ ಇತ್ತು, ಒಂದು ಬೇಡ ಅಂದೆ. ಕಿಟಕಿ ದುಡ್ಡು ಕಳೀತಾರೆ ಅಂತ ಲೆಕ್ಕ ಹಾಕ್ಕೊಂಡು ಕೂತಿದ್ರೆ ಮುಂದಿನ ಬಿಲ್ಲಲ್ಲಿ ಹೊಸ ಐಟಂ ಬಂದಿದೆ: ಹೆಚ್ಚುವರಿ ಗೋಡೆ. ಕಿಟಕಿ ಇರ್ಬೇಕಾದ ಜಾಗದಲ್ಲಿ ಈಗ ಇಟ್ಟಿಗೆ ಹಾಕ್ಬೇಕು, ಒಳಗೆ ಹೊರಗೆ ಪ್ಲಾಸ್ಟರಿಂಗು, ಪುಟ್ಟಿ, ಪೇಂಟು. ಹಾಗಾದ್ರೆ ಕಿಟಕಿ ದುಡ್ಡು? "ಅದು ಪ್ಯಾಕೇಜ್ ಸರ್, ಬಿಡಿಸೋಕಾಗಲ್ಲ". ಸೇರಿಸುವಾಗ ಬಿಡಿ ಬಿಡಿ, ಕಳೆಯುವಾಗ ಪ್ಯಾಕೇಜು. ಸರಿ ಹಾಗಾದ್ರೆ ಕಿಟಕಿ ಇರ್ಲಿ ಬಿಡಿ ಅಂದೆ. ಗೋಡೆ ಒಡೆಯೋಕೆ ಎಕ್ಸ್‌ಟ್ರಾ.

ಕೊಟೇಶನಲ್ಲಿ "ಪ್ರಾವಿಷನಲ್ ಸಮ್" ಅಂತ ಒಂದು ಸಾಲಿತ್ತು, ಏನೋ ಗೌರವಸ್ಥ ಪದ ಅನ್ಕೊಂಡು ಸೈನ್ ಹಾಕಿದ್ದೆ. ಟೈಲ್ಸು, ನಲ್ಲಿ, ಸ್ವಿಚ್ಚು, ಬಾಗಿಲಿನ ಚಿಲಕ, ಇವೆಲ್ಲ ಇನ್ನೂ ಆರಿಸಿರಲ್ವಲ್ಲ, ಅದಕ್ಕೆ ಅಂದಾಜು ಅಂತ ಒಂದು ಮೊತ್ತ ಬರೆದಿಡ್ತಾರೆ, ಆಮೇಲೆ ನಿಜವಾದ ಬೆಲೆ ಎಷ್ಟಾಗತ್ತೋ ಅಷ್ಟನ್ನ ಕಟ್ಟೋದು ನಾವು. ಆ ಅಂದಾಜನ್ನ ಎಷ್ಟು ಕೆಳಗಿಟ್ರೆ ಅಷ್ಟು ಚೆನ್ನಾಗಿ ಕಾಣತ್ತೆ ಕೊಟೇಶನ್. ಬೇರೆ ಇಬ್ರಿಗಿಂತ ಇವ್ರೇ ಕಮ್ಮಿ ಅಂತ ಹೆಮ್ಮೆಯಿಂದ ಆರಿಸಿದ್ದು ನಾನೇ, ಯಾರನ್ನ ಬೈಯ್ಯೋದು. ಅವ್ರು ಬರೆದ ಮೊತ್ತದಲ್ಲಿ ಸಿಗೋ ನಲ್ಲಿನ ಅಂಗಡಿಯವನ ಹತ್ರ ಕೇಳ್ದೆ, ಅವನು ನನ್ನ ಮುಖ ನೋಡಿ ನೀರು ಬರೋದ್ ಬೇಕಾ ಅಂದ.

ತಡ ಯಾಕೆ ಅಂತ ಕೇಳಿದ್ರೆ ಮಾತ್ರ ವಿಜ್ಞಾನ ಶುರುವಾಗತ್ತೆ. ತಾರಸಿಗೆ ಕಾಂಕ್ರೀಟ್ ಮೋಲ್ಡ್ ಹಾಕಿ ನಾಲ್ಕು ತಿಂಗಳಾಯ್ತಲ್ಲ ಅಂದ್ರೆ "ಕಾಂಕ್ರೀಟ್ ಕ್ಯೂರಿಂಗ್ ಸರ್, ಅವಸರ ಮಾಡ್ಬಾರ್ದು". ಕಾಂಕ್ರೀಟಿನ ಬಲ ಲೆಕ್ಕ ಹಾಕೋದು 28 ದಿನಕ್ಕೆ, ಮೊದಲ 7 ದಿನದಲ್ಲೇ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಬಲ ಬಂದಿರತ್ತೆ, ನಾನೂ ಅಷ್ಟು ಓದ್ಕೊಂಡಿದೀನಿ (ಮನೆ ಕಟ್ಸೋರು ಏನೇನ್ ಓದ್ತಾರೆ ಅಂತೀರಾ, ರಾತ್ರಿ ಎರಡು ಗಂಟೆಗೆ). ಅದೂ ಅಲ್ದೆ ಕ್ಯೂರಿಂಗ್ ಅಂದ್ರೆ ನೀರು ಹಾಕಿ ತೇವ ಇಡೋದು, ಇವ್ರು ಬರೀ ಕಾಯೋದನ್ನ ಮಾಡಿದ್ರು.

ಒಂದಿನ ತಲೆ ಕೆಟ್ಟು ಜೋರಾಗೇ ಕೂಗಾಡ್ದೆ. ಅವ್ರು ಶಾಂತವಾಗಿ ಪೀಸಾ ಗೋಪುರ ಗೊತ್ತಾ ಸರ್ ಅಂದ್ರು. 1173ರಲ್ಲಿ ಶುರು ಮಾಡಿದ್ರಂತೆ, ಮೂರನೇ ಅಂತಸ್ತಿಗೆ ಬರೋಷ್ಟ್ರಲ್ಲಿ ವಾಲ್ತಂತೆ, ಆಮೇಲೆ ಯುದ್ಧ ಗಿದ್ಧ ಅಂತ ಸುಮಾರು ನೂರು ವರ್ಷ ಕೆಲಸ ನಿಂತೋಯ್ತಂತೆ, ಆ ಗ್ಯಾಪಲ್ಲಿ ಕೆಳಗಿನ ಮಣ್ಣು ಗಟ್ಟಿಯಾಗಿದ್ದಕ್ಕೇ ಗೋಪುರ ಬೀಳ್ದೆ ಉಳೀತಂತೆ. ಇದು ನಿಜಾನೇ, ಹುಡುಕಿ ನೋಡ್ದೆ. ಬೇಜಾರಾಗಿದ್ದು ಅದಕ್ಕೇ. ಇನ್ನೊಂದ್ ವಾರಕ್ಕೆ ಸಿಡ್ನಿ ಆಪೆರಾ ಹೌಸ್ ಬಂತು: 70 ಲಕ್ಷ ಡಾಲರ್ ಅಂದಾಜು, ಮುಗಿದಿದ್ದು 10 ಕೋಟಿ 20 ಲಕ್ಷಕ್ಕೆ, 1963ಕ್ಕೆ ಆಗ್ಬೇಕಿದ್ದು ಓಪನ್ ಆಗಿದ್ದು 1973ಕ್ಕೆ, "ಈಗ ಯಾರಾದ್ರೂ ಕಂಪ್ಲೇಂಟ್ ಮಾಡ್ತಾರಾ ಸರ್?". ನಂದು ಎರಡು ಬೆಡ್‌ರೂಮಿನ ಮನೆ ಮಾರಾಯ್ರೇ, ನಮ್ ಹಾಲಲ್ಲಿ ಯಾರೂ ಹಾಡಲ್ಲ.

ಆದ್ರೆ ಒಂದು ವಿಷಯದಲ್ಲಿ ಮಾತ್ರ ಟೈಮ್ ಅಂದ್ರೆ ಟೈಮು, ಪೇಮೆಂಟ್. ಪೇಮೆಂಟ್ ಶೆಡ್ಯೂಲ್ ನೋಡಿ, ಲಿಂಟಲ್ "ಶುರು" ಆದಾಗ ಇಷ್ಟು, ಮೋಲ್ಡ್ "ಶುರು" ಆದಾಗ ಇಷ್ಟು, ಎಲ್ಲೂ "ಮುಗಿದಾಗ" ಅಂತಿಲ್ಲ. ಹಾಗಾಗಿ ಅವ್ರಿಗೆ ಶುರು ಮಾಡೋದ್ರಲ್ಲಿ ಭಯಂಕರ ಉತ್ಸಾಹ. ಬೆಳಿಗ್ಗೆ ಬಂದು ಎರಡು ಕಂಬಿ ನಿಲ್ಲಿಸಿ ಫೋಟೋ ಹೊಡೆದು ಕಳಿಸ್ತಾರೆ, ಮಧ್ಯಾಹ್ನಕ್ಕೆ ಬಿಲ್ಲು. ಮೋಲ್ಡ್ ಮುಗಿಯೋ ಹೊತ್ತಿಗೆ ನನ್ ಕಡೆಯಿಂದ ನೂರಕ್ಕೆ ಎಂಬತ್ತು ಹೋಗಿತ್ತು, ಮನೆ ಮಾತ್ರ ಅರ್ಧದಲ್ಲಿತ್ತು. ನನ್ನ ದುಡ್ಡು ಇನ್ಯಾರದ್ದೋ ಪಾಯಕ್ಕೆ, ಅವರ ದುಡ್ಡು ಮತ್ಯಾರದ್ದೋ ಮೋಲ್ಡಿಗೆ, ಹೀಗೆ ರಿಲೇ ಓಡ್ತಾ ಇದೆ, ನಿಂತಿರೋದು ನಾವು ಮಾತ್ರ. ಶುರುವಲ್ಲೇ ನನ್ನ ಫ್ರೆಂಡೊಬ್ಬ ಹೇಳಿದ್ದ, ಪ್ರತಿ ಬಿಲ್ಲಲ್ಲೂ ನೂರಕ್ಕೆ ಐದೋ ಹತ್ತೋ ಹಿಡಿದಿಟ್ಕೋ, ರಿಪೇರಿ ಎಲ್ಲಾ ಮುಗಿದ್ಮೇಲೆ ಕೊಡು ಅಂತ. ಕೇಳಿದ್ದಕ್ಕೆ ಬಿಲ್ಡರ್ ಮುಖ ಸಣ್ಣ ಮಾಡ್ಕೊಂಡು "ನಂಬಿಕೆ ಮುಖ್ಯ ಸರ್" ಅಂದ್ರು. ಪಾಪ ಅನ್ನಿಸ್ತು. ಇಡೀ ಮನೆಯಲ್ಲಿ ಎಕ್ಸ್‌ಟ್ರಾ ಚಾರ್ಜ್ ಇಲ್ದೆ ಸಿಕ್ಕಿದ್ದು ಆ ನಂಬಿಕೆ ಒಂದೇ, ಅದೂ ನಾನೇ ಸಪ್ಲೈ ಮಾಡಿದ್ದು.

ಹೋದ ವಾರ ಹಠ ಹಿಡಿದು ಕೂತೆ. ಬಾಯಿ ಮಾತು ಬೇಡ, ಮನೆ ಯಾವತ್ತು ಕೊಡ್ತೀರಾ ಲೆಟರ್‌ಹೆಡ್ಡಲ್ಲಿ ಬರ್ದು ಸೈನ್ ಹಾಕಿ ಕೊಡಿ ಅಂದೆ. ಆಶ್ಚರ್ಯ ಅಂದ್ರೆ ಒಂದ್ ಮಾತಿಗೂ ತಕರಾರಿಲ್ಲದೆ ಅಲ್ಲೇ ಬರ್ದು, ಸೀಲ್ ಹೊಡೆದು ಕೊಟ್ರು. ಮನೆಗೆ ಬಂದು ಹೆಂಡ್ತಿಗೆ ತೋರಿಸ್ದೆ, ಅವಳು ಓದಿ ವಾಪಸ್ ಕೊಟ್ಲು. ತಾರೀಖು ಇತ್ತು, ತಿಂಗಳು ಇತ್ತು. ವರ್ಷ ಇರ್ಲಿಲ್ಲ. ಫೋನ್ ಮಾಡಿ ಕೇಳ್ದೆ.

"ಅದು ನೀವು ಮೊದ್ಲೇ ಹೇಳಿರ್ಲಿಲ್ಲ ಸರ್, ಎಷ್ಟಾಗತ್ತೆ ಅಂತ ನೋಡಿ ಹೇಳ್ತೀನಿ" ಅಂದ್ರು.