ಮನಸ್ಸಿರಲಿಲ್ಲ ಅಂದರೆ ಸಾಕಾ?

1914ರಲ್ಲಿ ಯಾವ ನಾಯಕನಿಗೂ ಯುದ್ಧ ಬೇಕಿರಲಿಲ್ಲ, ಎಲ್ಲರೂ ಮೊದಲ ಮಹಾಯುದ್ಧಕ್ಕೆ ಜಾರಿ ಬಿದ್ದರು ಎಂದು ಒಂದು ಲೇಖನದಲ್ಲಿ ಓದಿದೆ. ಆ ಮಾತನ್ನು ನಾನು ಒಪ್ಪಲಾರೆ. ಜರ್ಮನಿಯ ಕೈಸರ್ (ಚಕ್ರವರ್ತಿ) ಜುಲೈ 5ರಂದು ಸರ್ಬಿಯಾ ವಿರುದ್ಧ ಆಸ್ಟ್ರಿಯಾಕ್ಕೆ ಬೆಂಬಲದ ಮಾತು ಕೊಟ್ಟು, ಮರುದಿನ ಆರಾಮಾಗಿ ನಾರ್ವೆ ಕಡೆ ಹಡಗು ಹತ್ತಿದ. ಆಸ್ಟ್ರಿಯಾದ ಬೇಡಿಕೆಗಳಿಗೆ ಸರ್ಬಿಯಾ ಕೊಟ್ಟ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಇಲ್ಲ ಎಂದು ಅವನು ಬರೆದದ್ದು 28ಕ್ಕೆ. ಆಸ್ಟ್ರಿಯಾ ಯುದ್ಧ ಸಾರಿದ್ದೂ ಅದೇ ದಿನ! ರಷ್ಯಾದ ತ್ಸಾರ್ (ಅಲ್ಲಿನ ಚಕ್ರವರ್ತಿ) 29ರ ರಾತ್ರಿ ಪೂರ್ತಿ ಸೇನೆ ಸಜ್ಜುಗೊಳಿಸುವ ಆದೇಶ ತಡೆದ. 30ರಂದು ಮಂತ್ರಿ, ಜನರಲ್‌ಗಳ ಒತ್ತಾಯಕ್ಕೆ ಮಣಿದು ಮತ್ತೆ ಹೊರಡಿಸಿದ. ಹಿಂಜರಿಕೆ ಇತ್ತು, ಸರಿ. ಆದರೆ ಆದೇಶ ಅವನದೇ ಅಲ್ವಾ?

1962ರಲ್ಲಿ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ಇಟ್ಟ ವಿಷಯದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮೇಲೂ ಜನರಲ್‌ಗಳ ಒತ್ತಡ ಇತ್ತು. ಆದರೆ ಕೆನಡಿ ಬಾಂಬ್ ದಾಳಿಗೆ ಒಪ್ಪಲಿಲ್ಲ. ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿ ತೆಗೆಯಲು ಗುಟ್ಟಾಗಿ ಒಪ್ಪಿದರು. ಸೋವಿಯತ್ ನಾಯಕ ಕ್ರುಶ್ಚೇವ್ ಕೂಡ ಹಿಂದೆ ಸರಿದರು.

ನಾನು ಕಾಸರಗೋಡಿನವ. 1990ರ ಆಗಸ್ಟ್‌ನಲ್ಲಿ ಇರಾಕಿನ ಸದ್ದಾಂ ಕುವೈತಿಗೆ ನುಗ್ಗಿದಾಗ ಅಲ್ಲಿಂದ ಜೋರ್ಡಾನಿನ ಅಮ್ಮಾನ್ ದಾರಿಯಾಗಿ ಬರಿಗೈಲಿ ಮರಳಿದವರು ನಮ್ಮ ಕಡೆ ಇನ್ನೂ ಇದ್ದಾರೆ. ಪರಿಸ್ಥಿತಿಯೇ ಯುದ್ಧಕ್ಕೆ ಎಳೆಯಿತು ಎಂಬ ಲೇಖಕರ ವಾದವನ್ನು ಅವರ ಮುಂದೆ ಒಮ್ಮೆ ಹೇಳಿ ನೋಡಲಿ.