ಹಂದಿಗೆ ನಾಲ್ಕು ಪಾಲು, ರಿಪೋರ್ಟಿಗೆ 14 ದಿನ

ಕೊಡಗಿನ ಕೈಲ್‌ಪೊಳ್ದ್ ಹಬ್ಬದ ದಿನ ಬೆಳಿಗ್ಗೆ ನಮ್ಮೂರ ಹಂದಿ ಅಂಗಡಿ ಮುಂದೆ ಕ್ಯೂ ಅಂದ್ರೆ ಕ್ಯೂ, ಮಳೆ ಬೇರೆ ಹೊಡೀತಿದೆ, ಕೊಡೆಗೆ ಕೊಡೆ ತಾಗ್ತಿದೆ, ಎಲ್ರೂ ಮನೇಲಿ ಕಡಂಬುಟ್ಟು (ಅಕ್ಕಿ ಕಡುಬು) ಹಬೆಗಿಟ್ಟು, ಹಂದಿ ಸಾರಿಗೆ ಹುಳಿ ಹಾಕೋ ಕಾಚಂಪುಳಿ ಬಾಟ್ಲಿ ಹೊರಗಿಟ್ಟು ಬಂದೋರೇ. ಆಗ ಬಂತು ನೋಡಿ ಆಹಾರ ಸುರಕ್ಷತೆಯವ್ರ ಜೀಪು. ವರ್ಷಕ್ಕೊಂದ್ಸಲ ಇನ್‌ಸ್ಪೆಕ್ಷನ್ನು, ಅದೂ ಹಬ್ಬದ ದಿನಾನೇ. (ಸಾಹೇಬ್ರಿಗೆ ಕ್ಯಾಲೆಂಡರ್ ಚೆನ್ನಾಗಿ ಓದೋಕೆ ಬರತ್ತೆ.)

ಮೊದ್ಲು ನೋಡಿದ್ದು ಗೋಡೆ. 14 ಅಂಕಿ ಲೈಸೆನ್ಸ್ ನಂಬರ್ ತೂಗಾಕಿದ್ಯಾ? ಇದೆ, ಫೋಟೋ ತೆಗೆದ್ರು. ಆಮೇಲೆ ಮಾಂಸ ಕಡಿಯೋ ಕೊರಡು. ದಿನಾ ಅಂಗಡಿ ಮುಚ್ಚೋವಾಗ ಅದನ್ನ 82 ಡಿಗ್ರಿ ಬಿಸಿನೀರಲ್ಲಿ ತೊಳೀಬೇಕು, ಇಲ್ಲಾಂದ್ರೆ ಕಲ್ಲುಪ್ಪು ಹಾಕಿ ಮುಚ್ಚಬೇಕಂತೆ. "ನೀರು ಎಷ್ಟು ಡಿಗ್ರಿ ಇರತ್ತೆ?" ಅಂದ್ರು. ಅಂಗಡಿ ಅಣ್ಣ ತೋರುಬೆರಳು ತೋರಿಸಿ "ಇದು ಸುಟ್ರೆ ಸರಿಯಾಗಿದೆ ಅಂತ ಸಾರ್" ಅಂದ. ಸಾಹೇಬ್ರು ಅದನ್ನೂ ಬರ್ಕೊಂಡ್ರು.

ಹಂದಿನ ಮಾತ್ರ ಯಾರೂ ನೋಡ್ಲಿಲ್ಲ. ರೂಲ್ಸ್ ಪ್ರಕಾರ ಕಡಿಯೋ ಮುಂಚೆ ಒಂದ್ಸಲ, ಕಡಿದ್ಮೇಲೆ ಒಂದ್ಸಲ ವೆಟರ್ನರಿ ಡಾಕ್ಟ್ರು ನೋಡ್ಬೇಕು, ಯಾಕಂದ್ರೆ ಲಾಡಿಹುಳದ ಗಂಟು ಮಾಂಸದೊಳಗೆ ಅಕ್ಕಿಕಾಳಿನ ಥರ ಕೂತಿರತ್ತೆ, ಜಾಸ್ತಿ ಇದ್ರೆ ಬರೀ ಕಣ್ಣಿಗೇ ಕಾಣತ್ತೆ, ನೋಡೋರು ಬೇಕಷ್ಟೆ. ನಮ್ಮ ಹಂದಿ ಕಡಿದಿದ್ದು ಬೆಳಗಿನ ಜಾವ ನಾಲ್ಕಕ್ಕೆ, ಶೆಡ್ ಹಿಂದೆ, ಟಾರ್ಚ್ ಬೆಳಕಲ್ಲಿ. ನೋಡಿದ್ದು ಅಣ್ಣ ಮತ್ತೆ ಅವನ ನಾಯಿ. ನಾಯಿ ಪಾಸ್ ಮಾಡ್ತು.

ಕೊನೆಗೆ ಸ್ಯಾಂಪಲ್. 2006ರ ಆಹಾರ ಸುರಕ್ಷತೆ ಕಾಯ್ದೆ ಪ್ರಕಾರ ಅದನ್ನ ನಾಲ್ಕು ಪಾಲು ಮಾಡ್ಬೇಕು: ಲ್ಯಾಬಿನ ವಿಶ್ಲೇಷಕರಿಗೆ ಒಂದು, ಅಂಕಿತಾಧಿಕಾರಿಗೆ (ಈ ಸಾಹೇಬ್ರ ಮೇಲಿನ ಸಾಹೇಬ್ರು) ಎರಡು, ಅಂಗಡಿಯವ ಕೇಳ್ಕೊಂಡ್ರೆ ಬೇರೆ ಲ್ಯಾಬಿಗೆ ಇನ್ನೊಂದು. ಕ್ಯೂನಲ್ಲಿದ್ದ ಒಬ್ರು ತಾತ ಹಳೇ ಬೇಟೆಗಾರ್ರು, ಪಾಲು ಹಾಕೋದಂದ್ರೆ ಏನಂತ ಅವ್ರಿಗೆ ಯಾರೂ ಹೇಳ್ಕೊಡ್ಬೇಕಿಲ್ಲ, ಜೋರಾಗೇ ಕೇಳಿದ್ರು, "ಎರಡು ಪಾಲು ಯಾಕೆ, ಗುಂಡು ಹೊಡ್ದಿದ್ದು ಅವ್ರಾ?"

ರಿಪೋರ್ಟ್ ಕೊಡೋಕೆ 14 ದಿನ ಟೈಮ್ ಇದೆ. ಹಂದಿ ಹತ್ತೂವರೆಗೇ ಖಾಲಿ, ಮಧ್ಯಾಹ್ನಕ್ಕೆ ಊರೆಲ್ಲಾ ಉಂಡು ಮಲಗಿತ್ತು.

ಮೊನ್ನೆ ಅಂಗಡಿಗೆ ಹೋದ್ರೆ ಅಣ್ಣ ಸೀಲ್ ಹೊಡೆದ ಕವರ್ ಒಡೆದು ಕಾಗದ ನನ್ ಕೈಗೆ ಕೊಟ್ಟ, "ಓದಿ ಹೇಳಿ ಸಾರ್." ತಿನ್ನೋಕೆ ಯೋಗ್ಯ ಅಂತಿತ್ತು. ಓದಿ ಹೇಳ್ದೆ.

ಅವನು ಕತ್ತಿ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡಿ "ಯಾವ ಹಂದಿ ಸಾರ್ ಅದು?" ಅಂದ.